ಥೀಸಿಸ್‌ಗೆ ಆರು ವಾರ ಬಾಕಿ, ಯಾವ ಮಾತು ಯಾರದು ಅಂತ ನನಗೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಸಿರುಶಾಯಿ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಎಂಎ ಕೊನೆಯ ವರ್ಷದಲ್ಲಿದ್ದೇನೆ, ಸಮಾಜಶಾಸ್ತ್ರ. ಥೀಸಿಸ್ ಸಲ್ಲಿಸಲು ಆರು ವಾರ ಉಳಿದಿದೆ. ಕರಡು ಸುಮಾರು 90 ಪುಟ ಆಗಿದೆ. ಬರೆಯುವಾಗ ಅಷ್ಟು ಕಷ್ಟ ಅನಿಸಲಿಲ್ಲ. ಆದರೆ ಮೊನ್ನೆ ಗೈಡ್ ಎರಡನೇ ಅಧ್ಯಾಯ ಓದಿ ವಾಪಸ್ ಕೊಟ್ಟರು. ಪೆನ್ಸಿಲ್‌ನಲ್ಲಿ ಹನ್ನೊಂದು ಕಡೆ ಒಂದೇ ಪ್ರಶ್ನೆ ಬರೆದಿದ್ದಾರೆ: "ಇದು ಯಾರ ಮಾತು?"

ನಾಲ್ಕು ಕಡೆ ನನಗೆ ಉತ್ತರ ಗೊತ್ತಿತ್ತು. ಉಳಿದ ಏಳು ಕಡೆ ಗೊತ್ತಾಗಲಿಲ್ಲ. ಎರಡು ವರ್ಷದಿಂದ ಓದುತ್ತಾ ನೋಟ್ಸ್ ಮಾಡಿಕೊಂಡಿದ್ದೇನೆ. ಅದರಲ್ಲಿ ಯಾವುದು ಪುಸ್ತಕದ ಸಾಲು, ಯಾವುದು ನಾನು ಯೋಚಿಸಿ ಬರೆದಿದ್ದು ಅಂತ ಗುರುತು ಹಾಕಿಲ್ಲ. ಎಲ್ಲ ಒಂದೇ ಫೈಲ್‌ನಲ್ಲಿ ಒಂದರ ಕೆಳಗೆ ಒಂದು. ಕೊನೆಯ ರೆಫರೆನ್ಸ್ ಪಟ್ಟಿಯಲ್ಲಿ 143 ಹೆಸರಿವೆ. ಕೆಲವಕ್ಕೆ ವರ್ಷವಿಲ್ಲ, ಕೆಲವಕ್ಕೆ ಪುಟವಿಲ್ಲ. ಕೆಲವನ್ನು ಓದಿದ ನೆನಪೂ ಇಲ್ಲ.

ನಾನು ಕದಿಯಬೇಕು ಅಂತ ಬರೆದವಳಲ್ಲ. ಆದರೂ ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ, ದಯವಿಟ್ಟು ಹೇಳಿ.

ಕೊನೆಸಾಲು · ಸೋಮವಾರ ರಾತ್ರಿ

ಝೊಟೆರೊ ಅನ್ನುವ ರೆಫರೆನ್ಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ, 2006ರಿಂದ ಇದೆ. ಬ್ರೌಸರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಲೇಖನದ ಹೆಸರು, ವರ್ಷ, ಸಂಪುಟ, ಪುಟ ಎಲ್ಲ ತಾನಾಗಿ ಬಂದು ಕೂರುತ್ತದೆ. ವರ್ಡ್‌ನಲ್ಲಿ ಬರೆಯುತ್ತಾ ಹೋದಂತೆ ಕೊನೆಯ ಪಟ್ಟಿ ತಾನೇ ತಯಾರಾಗುತ್ತದೆ. ಒಂದು ವಾರಾಂತ್ಯದ ಕೆಲಸ, ಚಿಂತೆ ಬೇಡ.

ಪುಸ್ತಕದಕಪಾಟು · ಮಂಗಳವಾರ ಬೆಳಗ್ಗೆ

ಝೊಟೆರೊ ನಾನೂ ಹೇಳುತ್ತೇನೆ, ಆದರೆ ಎರಡನೇ ಹೆಜ್ಜೆಯಾಗಿ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಪ್ರತಿ ವರ್ಷ ಇದೇ ಹೊತ್ತಿಗೆ ಇದೇ ಮುಖ ಹೊತ್ತು ಬರುವ ವಿದ್ಯಾರ್ಥಿಗಳನ್ನು ನೋಡುತ್ತೇನೆ. ಸಾಫ್ಟ್‌ವೇರ್ ಪಟ್ಟಿಯನ್ನು ಚಂದ ಮಾಡುತ್ತದೆ. ನಿಮ್ಮ ಗೈಡ್ ಕೇಳಿದ್ದು ಪಟ್ಟಿಯ ಬಗ್ಗೆ ಅಲ್ಲ, ವಾಕ್ಯದ ಬಗ್ಗೆ. ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಮಾತ್ರ ಇರಲು ಸಾಧ್ಯ.

ಎರಡನೇ ಅಧ್ಯಾಯದ ಪ್ರಿಂಟ್ ತೆಗೆಯಿರಿ. ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಒಂದೊಂದೇ ವಾಕ್ಯ ಓದಿ. ನಿಮ್ಮ ವಿಶ್ಲೇಷಣೆ, ನಿಮ್ಮ ಸಂದರ್ಶನದಿಂದ ಬಂದದ್ದು ಆದರೆ ಒಂದು ಬಣ್ಣ. ಎಲ್ಲಿಂದ ಬಂತು ಅಂತ ಖಚಿತವಾಗಿ ಗೊತ್ತಿದ್ದರೆ ಇನ್ನೊಂದು. ಗೊತ್ತಿಲ್ಲದಿದ್ದರೆ ಮೂರನೆಯದು. ಅನುಮಾನ ಬಂದರೂ ಮೂರನೆಯದೇ. ಇಲ್ಲಿ ನಿಮಗೆ ನೀವು ರಿಯಾಯಿತಿ ಕೊಟ್ಟುಕೊಳ್ಳಬೇಡಿ. 25 ಪುಟದ ಅಧ್ಯಾಯಕ್ಕೆ ಒಂದು ಮಧ್ಯಾಹ್ನ ಸಾಕು.

ಆಮೇಲೆ ಮೂರನೇ ಬಣ್ಣದ ಸಾಲುಗಳನ್ನು ಮಾತ್ರ ಹಿಡಿಯಿರಿ. ಆ ವಾಕ್ಯದಲ್ಲಿ ನೀವು ಸಾಮಾನ್ಯವಾಗಿ ಬಳಸದ ಐದಾರು ಪದಗಳ ತುಣುಕು ಇರುತ್ತದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ನೀವು ಇಳಿಸಿಕೊಂಡ ಪಿಡಿಎಫ್‌ಗಳನ್ನೆಲ್ಲ ಝೊಟೆರೊಗೆ ಹಾಕಿದರೆ ಅದು ಒಳಗಿನ ಪಠ್ಯವನ್ನೂ ಹುಡುಕುತ್ತದೆ, ಅದು ಇನ್ನೂ ಬೇಗ. ಇಪ್ಪತ್ತು ನಿಮಿಷ ಹುಡುಕಿಯೂ ಸಿಗಲಿಲ್ಲ ಅಂದರೆ ಆ ವಾಕ್ಯ ಬಿಟ್ಟುಬಿಡಿ. ವಿಷಯ ಬೇಕೇ ಬೇಕು ಅಂದರೆ ಬೇರೆ ಮೂಲ ಹುಡುಕಿ, ಅದನ್ನು ಓದಿ, ಹೊಸದಾಗಿ ಬರೆಯಿರಿ. ಹಳೆ ವಾಕ್ಯದ ಪಕ್ಕಕ್ಕೆ ಹೊಸ ಹೆಸರು ಅಂಟಿಸಬೇಡಿ.

ಇವತ್ತಿನಿಂದ ನೋಟ್ಸ್‌ಗೆ ಒಂದೇ ನಿಯಮ. ಪುಸ್ತಕದ ಪದಗಳು ಬಂದರೆ ಆ ಕ್ಷಣವೇ ಉದ್ಧರಣ ಚಿಹ್ನೆ, ಪಕ್ಕದಲ್ಲೇ ಪುಟ ಸಂಖ್ಯೆ. ನಿಮ್ಮ ಯೋಚನೆ ಬಂದರೆ ಮುಂದೆ "ನಾನು:" ಅಂತ ಬರೆಯಿರಿ. ಆಮೇಲೆ ಹಾಕುತ್ತೇನೆ ಅಂದುಕೊಂಡರೆ ಅದು ಆಗುವುದೇ ಇಲ್ಲ.

ಹಸಿರುಶಾಯಿ · ಮಂಗಳವಾರ ಸಂಜೆ

ಮಾಡಿದೆ. 31 ವಾಕ್ಯ ಮೂರನೇ ಬಣ್ಣಕ್ಕೆ ಬಿದ್ದವು. ನೋಡಿ ಎದೆ ಧಸಕ್ ಅಂದಿತು. ಆದರೆ ಹನ್ನೊಂದು ಎಲ್ಲೆಲ್ಲೋ ಇದ್ದಾಗ ಇದ್ದ ಭಯಕ್ಕಿಂತ 31 ಕಣ್ಣೆದುರು ಇರುವುದು ವಾಸಿ.

ಒಂದು ಅನುಮಾನ. ಎರಡನೇ ಬಣ್ಣದ ಕೆಲವು ವಾಕ್ಯಗಳಲ್ಲಿ ಲೇಖಕರ ಹೆಸರು ಹಾಕಿದ್ದೇನೆ, ಪದಗಳನ್ನೂ ಬದಲಾಯಿಸಿದ್ದೇನೆ. ಆದರೂ ಗೈಡ್ ಅದಕ್ಕೂ ಗೆರೆ ಎಳೆದಿದ್ದಾರೆ. ಹೆಸರು ಹಾಕಿದ ಮೇಲೆ ತಪ್ಪೇನು?

ತಿದ್ದುವಕೈ · ಮಂಗಳವಾರ ರಾತ್ರಿ

ನಾನು ಥೀಸಿಸ್ ಮೌಲ್ಯಮಾಪನ ಮಾಡುತ್ತೇನೆ. ನೀವು ಹೇಳಿದ್ದು ನಾನು ಅತಿ ಹೆಚ್ಚು ನೋಡುವ ತಪ್ಪು. ಬೇಕು ಅಂತ ಮಾಡುವವರು ಬಹಳ ಕಡಿಮೆ. ಒಂದು ಉದಾಹರಣೆ ಕೊಡುತ್ತೇನೆ. ವಾಕ್ಯಗಳು ನಾನೇ ಕಟ್ಟಿದ್ದು, ಯಾವ ಪುಸ್ತಕದ್ದೂ ಅಲ್ಲ.

ಮೂಲ ಹೀಗಿದೆ ಅಂದುಕೊಳ್ಳಿ: "ಮರಗಳು ಹೆಚ್ಚಿರುವ ಬೀದಿಗಳಲ್ಲಿ ಮಧ್ಯಾಹ್ನದ ಬಿಸಿ ಕಡಿಮೆ ಇರುತ್ತದೆ. ಆದ್ದರಿಂದ ಅಲ್ಲಿನ ನಿವಾಸಿಗಳು ಹೊರಗೆ ಹೆಚ್ಚು ಹೊತ್ತು ಕಳೆಯುತ್ತಾರೆ, ನೆರೆಹೊರೆಯ ಪರಿಚಯವೂ ಬೆಳೆಯುತ್ತದೆ."

ವಿದ್ಯಾರ್ಥಿ ಬರೆಯುವುದು: "ಗಿಡಮರಗಳು ಜಾಸ್ತಿ ಇರುವ ರಸ್ತೆಗಳಲ್ಲಿ ಹಗಲಿನ ಶಾಖ ಕಡಿಮೆ ಇರುತ್ತದೆ. ಹೀಗಾಗಿ ಅಲ್ಲಿನ ಜನರು ಹೊರಗಡೆ ಹೆಚ್ಚು ಸಮಯ ಕಳೆಯುತ್ತಾರೆ, ಅಕ್ಕಪಕ್ಕದವರ ಒಡನಾಟವೂ ಬೆಳೆಯುತ್ತದೆ." ಕೊನೆಗೆ ಆವರಣದಲ್ಲಿ ಲೇಖಕರ ಹೆಸರು, ವರ್ಷ.

ಬೀದಿ ರಸ್ತೆಯಾಯಿತು, ಬಿಸಿ ಶಾಖವಾಯಿತು. ಅಸ್ಥಿಪಂಜರ ಹಾಗೇ ಇದೆ. ಇದಕ್ಕೆ ಪ್ಯಾಚ್‌ರೈಟಿಂಗ್ ಅನ್ನುತ್ತಾರೆ, ತೇಪೆ ಬರವಣಿಗೆ. ಹೆಸರು ಹಾಕಿದ್ದರಿಂದ ವಿಚಾರ ಯಾರದು ಅಂತ ಗೊತ್ತಾಗುತ್ತದೆ. ಆದರೆ ವಾಕ್ಯ ಕಟ್ಟಿದ್ದು ನೀವು ಅಂತ ಓದುಗ ನಂಬುತ್ತಾನೆ. ಅದು ನಿಜ ಅಲ್ಲ ಅಲ್ವಾ?

ಈಗ ಇದನ್ನು ನೋಡಿ: "ನೆರೆಯವರ ಪರಿಚಯ ಬೆಳೆಯಲು ನೆರಳೂ ಒಂದು ಕಾರಣ ಎಂದು ಈ ಲೇಖಕರು ವಾದಿಸುತ್ತಾರೆ, ಬೀದಿ ತಂಪಾಗಿದ್ದರೆ ಜನ ಹೊರಗೆ ನಿಲ್ಲುತ್ತಾರೆ. ನಾನು ಮಾತನಾಡಿಸಿದವರು ಮಾತ್ರ ಹೊರಗೆ ನಿಲ್ಲಲು ಸಂಜೆಯ ಬೀದಿದೀಪವನ್ನು ಕಾರಣವಾಗಿ ಹೇಳಿದರು." ಮೊದಲ ವಾಕ್ಯದ ಕೊನೆಗೆ ರೆಫರೆನ್ಸ್ ಬರುತ್ತದೆ, ಎರಡನೆಯದಕ್ಕೆ ಇಲ್ಲ. ಅವರ ಮಾತು ಎಲ್ಲಿ ಮುಗಿಯಿತು, ನಿಮ್ಮದು ಎಲ್ಲಿ ಶುರುವಾಯಿತು ಅಂತ ಗಡಿ ಕಾಣುತ್ತದೆ. ಆ ಮೂಲ ನಿಮಗೆ ಯಾಕೆ ಬೇಕಾಯಿತು ಅನ್ನುವುದೂ ಕಾಣುತ್ತದೆ.

ಇದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ. ಆ ಪುಟ ಓದಿ, ಪುಸ್ತಕ ಮುಚ್ಚಿ, ಗೆಳತಿಗೆ ಹೇಳುವ ಹಾಗೆ ಬಾಯಲ್ಲಿ ಹೇಳಿ. ಹೇಳಿದ್ದನ್ನು ಬರೆಯಿರಿ. ಆಮೇಲೆ ಪುಸ್ತಕ ತೆರೆದು ಅರ್ಥ ಸರಿ ಇದೆಯಾ ನೋಡಿ. ಪುಸ್ತಕ ಮುಚ್ಚಿದ ಮೇಲೆ ಹೇಳಲು ಬರುತ್ತಿಲ್ಲ ಅಂದರೆ ನಿಮಗೆ ಇನ್ನೂ ಅರ್ಥವಾಗಿಲ್ಲ. ಮತ್ತೆ ಓದಿ. ಮೂಲದ ಪದಗಳೇ ಮುಖ್ಯ ಅನಿಸಿದರೆ ಹಾಗೇ ಉದ್ಧರಿಸಿ, ಪುಟ ಸಂಖ್ಯೆ ಕೊಡಿ.

ಇನ್ನೊಂದು, ಇಡೀ ಪ್ಯಾರಾ ಬರೆದು ಕೊನೆಯಲ್ಲಿ ಒಂದೇ ಒಂದು ಆವರಣ ಹಾಕಬೇಡಿ. ಆ ಆವರಣ ಕೊನೆಯ ವಾಕ್ಯಕ್ಕಾ, ಎಂಟು ವಾಕ್ಯಕ್ಕಾ ಅಂತ ನಮಗೆ ತಿಳಿಯುವುದಿಲ್ಲ.

ಅಂಚಿನಟಿಪ್ಪಣಿ · ಬುಧವಾರ

ಸುಮ್ನೆ ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಸಾಫ್ಟ್‌ವೇರ್‌ನಲ್ಲಿ ಸಿಮಿಲಾರಿಟಿ ನೋಡುತ್ತಾರೆ. ಶೇಕಡಾವಾರು ಮಿತಿಯೊಳಗೆ ಬಂದರೆ ಪಾಸ್. ನನ್ನದು ಶೇ 8 ಬಂತು, ಯಾರೂ ಏನೂ ಕೇಳಲಿಲ್ಲ.

ತಿದ್ದುವಕೈ · ಬುಧವಾರ

ನಿಮ್ಮ ಥೀಸಿಸ್ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಆ ಅಂಕಿ ಏನು ಹೇಳುತ್ತದೆ ಅನ್ನುವುದನ್ನಷ್ಟೇ ಹೇಳುತ್ತೇನೆ. ಆ ಸಾಫ್ಟ್‌ವೇರ್‌ಗಳು ಅಳೆಯುವುದು ಪದಗಳ ಹೋಲಿಕೆಯನ್ನು, ಕಳ್ಳತನವನ್ನಲ್ಲ. ಸರಿಯಾಗಿ ಉದ್ಧರಿಸಿದ ಸಾಲು, ಕೊನೆಯ ಪಟ್ಟಿ, ಎಲ್ಲರೂ ಬಳಸುವ ವಿಧಾನದ ವಿವರಣೆ, ಇವೆಲ್ಲ ಸೇರಿದರೆ ಪ್ರಾಮಾಣಿಕ ಥೀಸಿಸ್‌ಗೂ ಶೇ 20 ಬರಬಹುದು. ಇನ್ನೊಂದು ಭಾಷೆಯ ಪುಸ್ತಕದಿಂದ ಮೂರು ಪುಟ ಅನುವಾದಿಸಿ ಹೆಸರು ಹಾಕದೆ ಇಟ್ಟರೆ ಶೇ 2 ಬರಬಹುದು. ಎರಡರಲ್ಲಿ ಯಾವುದು ತಪ್ಪು? ವರದಿ ತೆರೆದು ಬಣ್ಣ ಬಿದ್ದ ಒಂದೊಂದು ಸಾಲನ್ನೂ ಓದಬೇಕು. ಅಂಕಿ ತಗ್ಗಿಸಲು ಪದ ಬದಲಿಸುತ್ತಾ ಕೂರುವುದೇ ತೇಪೆ ಬರವಣಿಗೆಗೆ ನೇರ ದಾರಿ.

ಅಂಚಿನಟಿಪ್ಪಣಿ · ಬುಧವಾರ

ಅನುವಾದದ ವಿಷಯ ನಾನು ಯೋಚಿಸಿರಲಿಲ್ಲ. ಒಪ್ಪಿದೆ.

ಹಸಿರುಶಾಯಿ · ಗುರುವಾರ

31ರಲ್ಲಿ 22 ಸಿಕ್ಕವು! ಪಿಡಿಎಫ್ ಒಳಗೆ ಹುಡುಕುವ ಉಪಾಯಕ್ಕೆ ತುಂಬಾ ಥ್ಯಾಂಕ್ಸ್. ಈಗ ಮುಂದಿನ ಗೊಂದಲ. ವಿಭಾಗದ ಸೂಚನೆಯಲ್ಲಿ "ಮಾನ್ಯತೆ ಪಡೆದ ಯಾವುದಾದರೂ ಶೈಲಿ, ಆದರೆ ಒಂದೇ ಶೈಲಿ" ಅಂತ ಮಾತ್ರ ಇದೆ. ಕೆಲವರು ಹಾರ್ವರ್ಡ್ ಅನ್ನುತ್ತಾರೆ, ಕೆಲವರು ಎಪಿಎ. ಎರಡೂ ನೋಡಲು ಒಂದೇ ಥರ ಇವೆ.

ಪುಸ್ತಕದಕಪಾಟು · ಗುರುವಾರ

ಒಂದೇ ಥರ ಕಾಣಲು ಕಾರಣ ಇದೆ. ಎರಡೂ ಲೇಖಕ ಮತ್ತು ವರ್ಷದ ಪದ್ಧತಿ. ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅಂತ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ 1881ರಲ್ಲಿ ಗೊಂಡೆಹುಳುವಿನ ಬಗ್ಗೆ ಬರೆದ ಪ್ರಬಂಧದಲ್ಲಿ ಆವರಣದೊಳಗೆ ಹೆಸರು, ವರ್ಷ ಕೊಟ್ಟರು. ಆ ಪದ್ಧತಿಗೆ ಹಾರ್ವರ್ಡ್ ಅನ್ನುವ ಹೆಸರು ಅಂಟಿಕೊಂಡಿತು. ಆದರೆ ಇದೇ ಅಧಿಕೃತ ಅನ್ನುವ ಒಂದು ಕೈಪಿಡಿ ಹಾರ್ವರ್ಡ್ ಶೈಲಿಗೆ ಇಲ್ಲ. ಒಂದೊಂದು ವಿಶ್ವವಿದ್ಯಾಲಯದ ಹಾರ್ವರ್ಡ್ ಒಂದೊಂದು ಥರ, ಒಂದು ಕಡೆ ಅಲ್ಪವಿರಾಮ ಇದ್ದರೆ ಇನ್ನೊಂದು ಕಡೆ ಇಲ್ಲ.

ಅದಕ್ಕೇ ನನ್ನ ಸಲಹೆ ಎಪಿಎ. ಅಮೆರಿಕದ ಮನಶ್ಶಾಸ್ತ್ರ ಸಂಘ 1929ರಲ್ಲಿ ಏಳು ಪುಟದ ಸೂಚನೆಯಾಗಿ ಶುರು ಮಾಡಿದ್ದು. ಈಗ ಇರುವುದು 2019ರ ಏಳನೇ ಆವೃತ್ತಿ. ಅನುಮಾನ ಬಂದರೆ ತೆರೆದು ನೋಡಲು ಒಂದು ಪುಸ್ತಕ ಇದೆ, ಅದೇ ದೊಡ್ಡ ಅನುಕೂಲ. ಹಳೆ ಥೀಸಿಸ್ ನೋಡಿ ನಕಲು ಮಾಡಬೇಡಿ, ಅದು ಆರನೇ ಆವೃತ್ತಿಯದ್ದಾಗಿರಬಹುದು. ಏಳನೆಯದರಲ್ಲಿ ಪ್ರಕಾಶಕರ ಊರು ಕೊಡುವುದು ಬಿಟ್ಟಿದ್ದಾರೆ. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ಮೊದಲ ಹೆಸರು ಬರೆದು "ಮತ್ತಿತರರು" ಅಂದರೆ ಸಾಕು. ಕೊನೆಯ ಪಟ್ಟಿಯಲ್ಲಿ ಮಾತ್ರ 20 ಲೇಖಕರವರೆಗೆ ಎಲ್ಲರ ಹೆಸರೂ ಬರಬೇಕು. ನೇರ ಉದ್ಧರಣೆ 40 ಪದ ಅಥವಾ ಹೆಚ್ಚಿದ್ದರೆ ಉದ್ಧರಣ ಚಿಹ್ನೆ ತೆಗೆದು, ಅಂಚು ಬಿಟ್ಟು ಬೇರೆ ಪ್ಯಾರಾ ಮಾಡಬೇಕು.

ಇತಿಹಾಸದವರಿಗೆ ಶಿಕಾಗೊ ಶೈಲಿಯ ಅಡಿಟಿಪ್ಪಣಿ ಇಷ್ಟ, ಯಾಕೆಂದರೆ ಅವರಿಗೆ ಆಕರದ ಬಗ್ಗೆ ಹೇಳುವುದು ಜಾಸ್ತಿ ಇರುತ್ತದೆ. ಸಾಹಿತ್ಯದವರ ಎಂಎಲ್‌ಎ ಶೈಲಿ ವರ್ಷದ ಬದಲು ಪುಟ ಕೇಳುತ್ತದೆ. ಅವರಿಗೆ ಯಾವ ಸಾಲು ಅನ್ನುವುದು ಮುಖ್ಯ, ನಿಮಗೆ ಯಾವಾಗ ಅನ್ನುವುದು ಮುಖ್ಯ.

ಲಾಟೆಕ್‌ಪ್ರಿಯ · ಗುರುವಾರ

ಎಂಜಿನಿಯರಿಂಗ್‌ನವರಿಗಾಗಿ ಒಂದು ಮಾತು. ನಮ್ಮಲ್ಲಿ ಐಟ್ರಿಪಲ್‌ಇ ಶೈಲಿ, ಚೌಕ ಆವರಣದಲ್ಲಿ ಅಂಕಿ. ವೈದ್ಯಕೀಯದವರ ವ್ಯಾಂಕೂವರ್ ಶೈಲಿಯೂ ಅಂಕಿಯದ್ದೇ, 1978ರಲ್ಲಿ ಆ ಊರಲ್ಲಿ ಸೇರಿದ ಪತ್ರಿಕಾ ಸಂಪಾದಕರು ಮಾಡಿದ್ದು. ಕೈಯಲ್ಲಿ ಅಂಕಿ ಹಾಕಲು ಹೋಗಲೇಬೇಡಿ. ನಡುವೆ ಒಂದು ಮೂಲ ಸೇರಿಸಿದರೆ ಮುಂದಿನ ಎಲ್ಲ ಅಂಕಿ ಬದಲಾಗುತ್ತದೆ. ಬಿಬ್‌ಟೆಕ್ ಅನ್ನುವ ಸಾಫ್ಟ್‌ವೇರ್ 1985ರಿಂದ ಆ ಕೆಲಸ ಮಾಡುತ್ತಿದೆ. ಆದರೆ ಡೇಟಾಬೇಸ್‌ನಿಂದ ಬಂದ ಮಾಹಿತಿಯನ್ನು ಒಮ್ಮೆ ಕಣ್ಣಾರೆ ನೋಡಿ. ನನ್ನ ಪಟ್ಟಿಯಲ್ಲಿ ಒಂದೇ ಲೇಖನ ಎರಡು ಸಲ ಇತ್ತು, ಒಮ್ಮೆ ಪ್ರಿಪ್ರಿಂಟ್ (ಪತ್ರಿಕೆಯಲ್ಲಿ ಬರುವ ಮುಂಚಿನ ಪ್ರತಿ) ಆಗಿ, ಒಮ್ಮೆ ಪ್ರಕಟಿತ ರೂಪದಲ್ಲಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದನ್ನೇ ಮೊದಲು ಕೇಳಿದರು.

ಲ್ಯಾಬ್ ವರದಿ ಬರೆಯುವವರಿಗೆ ಇನ್ನೊಂದು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನುವ ಕ್ರಮದಲ್ಲಿ ಫಲಿತಾಂಶದ ಭಾಗಕ್ಕೆ ರೆಫರೆನ್ಸ್ ಬೇಕಾಗುವುದು ಬಹಳ ಅಪರೂಪ. ಅಲ್ಲಿ ಬೇರೆಯವರ ಹೆಸರು ಜಾಸ್ತಿ ಬರುತ್ತಿದ್ದರೆ ನೀವು ಚರ್ಚೆಯನ್ನು ಅಲ್ಲಿಗೆ ತಂದಿದ್ದೀರಿ ಅಂತ ಅರ್ಥ.

ಹಸಿರುಶಾಯಿ · ಶುಕ್ರವಾರ

ಎಪಿಎಗೆ ಹೋಗುತ್ತೇನೆ. ಇನ್ನೊಂದು ಪ್ರಶ್ನೆ, ಸ್ವಲ್ಪ ಸಂಕೋಚದಿಂದಲೇ ಕೇಳುತ್ತೇನೆ. ಪಟ್ಟಿಯ 143ರಲ್ಲಿ ಸುಮಾರು 30 ನಾನು ಓದಿದ್ದಲ್ಲ. ಬೇರೆ ಲೇಖನದಲ್ಲಿ ಅವುಗಳ ಉಲ್ಲೇಖ ಇತ್ತು, ಅಲ್ಲಿಂದ ಎತ್ತಿ ಹಾಕಿದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ಸೀನಿಯರ್ ಹೇಳಿದ್ದರು.

ಐದುಸಾಲು · ಶುಕ್ರವಾರ ರಾತ್ರಿ

ನಾನು ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮುಗಿಸಿದ್ದೇನೆ. ಇದಕ್ಕೆ ಉತ್ತರ ಕೊಡಲೆಂದೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪುಟ್ಟ ಪತ್ರ ಬಂತು. ಬರೀ ಐದು ವಾಕ್ಯ. ಆಸ್ಪತ್ರೆಗೆ ದಾಖಲಾಗಿ ಓಪಿಯಾಯ್ಡ್ (ಅಫೀಮಿನ ಥರದ) ನೋವುನಿವಾರಕ ಪಡೆದ ರೋಗಿಗಳ ದಾಖಲೆ ನೋಡಿದೆವು, ಅವರಲ್ಲಿ ವ್ಯಸನ ಅಪರೂಪ ಅಂತ ಇಬ್ಬರು ಬರೆದಿದ್ದರು. ಆಸ್ಪತ್ರೆಯಲ್ಲಿ ಇದ್ದವರ ಬಗ್ಗೆ ಮಾತ್ರ. ಮನೆಗೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ತಿಂದವರ ಬಗ್ಗೆ ಅಲ್ಲವೇ ಅಲ್ಲ.

ಆ ಪತ್ರವನ್ನು ಆಮೇಲೆ ಎಷ್ಟು ಜನ ಉಲ್ಲೇಖಿಸಿದರು, ಹೇಗೆ ಉಲ್ಲೇಖಿಸಿದರು ಅಂತ 2017ರಲ್ಲಿ ಅದೇ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಬಂತು. 608 ಕಡೆ ಉಲ್ಲೇಖ ಸಿಕ್ಕಿತು. ಶೇ 72ರಷ್ಟು ಕಡೆ ಓಪಿಯಾಯ್ಡ್ ಚಿಕಿತ್ಸೆಯಿಂದ ವ್ಯಸನ ಅಪರೂಪ ಅನ್ನುವುದಕ್ಕೆ ಸಾಕ್ಷಿ ಅಂತ ಬಳಸಿದ್ದರು. ಶೇ 80ಕ್ಕೂ ಹೆಚ್ಚು ಕಡೆ ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಅನ್ನುವ ಮಾತೇ ಇರಲಿಲ್ಲ. ಈ ಉಲ್ಲೇಖಗಳು ಉತ್ತರ ಅಮೆರಿಕದ ಓಪಿಯಾಯ್ಡ್ ಬಿಕ್ಕಟ್ಟಿಗೆ ಒಂದು ಪಾಲು ಕಾರಣವಾದವು ಅಂತ ಆ ವಿಶ್ಲೇಷಣೆ ಬರೆದವರು ಹೇಳಿದ್ದಾರೆ. ಐದು ವಾಕ್ಯ ಓದಲು ಒಂದು ನಿಮಿಷ ಬೇಕು. ನೂರಾರು ಜನ ಆ ಒಂದು ನಿಮಿಷ ಕೊಟ್ಟಿದ್ದರೆ ಸಾಕಿತ್ತು ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ಎಲ್ಲರೂ ಹಾಗೇ ಮಾಡುತ್ತಾರೆ ಅನ್ನುವುದರಲ್ಲಿ ಸತ್ಯ ಇಲ್ಲ ಅಂತಲ್ಲ. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಅನ್ನುವ ಇಬ್ಬರು ಸಂಶೋಧಕರು ರೆಫರೆನ್ಸ್‌ನಲ್ಲಿರುವ ಅಚ್ಚಿನ ತಪ್ಪುಗಳ ಬೆನ್ನು ಹತ್ತಿದರು. ಒಬ್ಬರು ಮಾಡಿದ ಪುಟ ಸಂಖ್ಯೆಯ ತಪ್ಪು ಹತ್ತಾರು ಲೇಖನಗಳಲ್ಲಿ ಹಾಗೇ ಬಂದಿತ್ತು. ಮೂಲ ತೆರೆದಿದ್ದರೆ ತಪ್ಪು ಸರಿಯಾಗಬೇಕಿತ್ತಲ್ಲ? ಆ ಲೆಕ್ಕದಿಂದ ಅವರು ಅಂದಾಜು ಮಾಡಿದ್ದು, ಉಲ್ಲೇಖಿಸುವವರಲ್ಲಿ ಮೂಲ ಓದುವವರು ಸುಮಾರು ಶೇ 20.

ನಿಮ್ಮ 30ಕ್ಕೆ ಬರೋಣ. ಒಂದೊಂದಕ್ಕೂ ಕೇಳಿಕೊಳ್ಳಿ, ಇದು ನನ್ನ ವಾದಕ್ಕೆ ಬೇಕಾ? ಬೇಕಾದರೆ ಮೂಲ ತರಿಸಿ ಓದಿ. ಇಡೀ ಪುಸ್ತಕ ಅಲ್ಲದಿದ್ದರೂ ಆ ಮಾತು ಬರುವ ಅಧ್ಯಾಯವನ್ನಾದರೂ. ಮೂಲ ಸಿಗುವುದೇ ಇಲ್ಲ, ಆದರೂ ಬೇಕು ಅಂದರೆ ಇಂಥವರು ಹೇಳಿದ್ದಾಗಿ ಇಂಥವರು ಉಲ್ಲೇಖಿಸಿದ್ದಾರೆ ಅಂತ ಬರೆಯಿರಿ. ಕೊನೆಯ ಪಟ್ಟಿಯಲ್ಲಿ ನೀವು ಓದಿದ ಪುಸ್ತಕ ಮಾತ್ರ ಬರುತ್ತದೆ. ಬೇಡ ಅನಿಸಿದ್ದನ್ನು ತೆಗೆದುಬಿಡಿ. ಉದ್ದ ಪಟ್ಟಿ ನೋಡಿ ಯಾರೂ ಅಂಕ ಕೊಡುವುದಿಲ್ಲ.

ತಿದ್ದುವಕೈ · ಶುಕ್ರವಾರ ರಾತ್ರಿ

ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಪಟ್ಟಿಯಿಂದ ಎರಡು ಮೂರು ಆರಿಸಿ ಮೂಲ ತೆರೆದು ನೋಡುತ್ತೇನೆ. ಅಲ್ಲಿ ಆ ಮಾತು ಇಲ್ಲದಿದ್ದರೆ ಉಳಿದ ನೂರರ ಮೇಲೂ ನಂಬಿಕೆ ಹೋಗುತ್ತದೆ.

ಬೆಳಗಿನಬಸ್ಸು · ಶನಿವಾರ

ಸಮಯ ಕಡಿಮೆ ಇದ್ದರೆ ಎಐ ಚಾಟ್‌ಗೆ ಪ್ಯಾರಾ ಹಾಕಿ, ಇದಕ್ಕೆ ರೆಫರೆನ್ಸ್ ಕೊಡು ಅಂತ ಕೇಳಬಹುದಲ್ವಾ? ಲೇಖಕ, ವರ್ಷ, ಪತ್ರಿಕೆ ಎಲ್ಲ ಕೊಡುತ್ತದೆ.

ಪುಸ್ತಕದಕಪಾಟು · ಶನಿವಾರ

ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲದ ಲೇಖನವನ್ನೂ ಅದು ಇದೆ ಅನ್ನುವ ಹಾಗೆ ಬರೆದುಕೊಡಬಲ್ಲದು. ಪತ್ರಿಕೆಯ ಹೆಸರು ನಿಜ, ಲೇಖಕರ ಹೆಸರು ನಿಜ, ಲೇಖನ ಮಾತ್ರ ಇಲ್ಲ. ಇಂಥ ಪಟ್ಟಿ ಹಿಡಿದು ನಮ್ಮ ಕೌಂಟರಿಗೆ ಬರುವವರಿಗೆ "ಇದು ಎಲ್ಲೂ ಇಲ್ಲ" ಅಂತ ಹೇಳುವಾಗ ನಮಗೂ ಬೇಜಾರಾಗುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಹೀಗೆ ಬಂದ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಎಐ ಬರುವ ಮೊದಲೂ ಇಂಥದ್ದು ಆಗಿದೆ. ದೊಡ್ಡ ಪ್ರಕಾಶಕರೊಬ್ಬರು ಲೇಖಕರಿಗೆ ಕೊಡುವ ಮಾದರಿ ಫೈಲ್‌ನಲ್ಲಿ, ರೆಫರೆನ್ಸ್ ಹೀಗೆ ಬರೆಯಿರಿ ಅಂತ ತೋರಿಸಲು ಒಂದು ಕಾಲ್ಪನಿಕ ಲೇಖನದ ಹೆಸರು ಹಾಕಿದ್ದರು. ಜನ ಅದನ್ನು ಅಳಿಸದೆ ಬಿಟ್ಟಿದ್ದರಿಂದ ಇಲ್ಲದ ಆ ಲೇಖನ ನೂರಾರು ಸಲ ಉಲ್ಲೇಖವಾಯಿತು.

ಮೊದಲು ವಾಕ್ಯ ಬರೆದು ಆಮೇಲೆ ಅದಕ್ಕೊಂದು ರೆಫರೆನ್ಸ್ ಹುಡುಕುವ ಕ್ರಮವೇ ತಲೆಕೆಳಗು. ಓದಿದ್ದರಿಂದ ವಾಕ್ಯ ಬರಬೇಕು. ಎಐ ಹೇಳಿದ್ದಾಗಲಿ, ಸ್ನೇಹಿತರು ಹೇಳಿದ್ದಾಗಲಿ, ಡಿಒಐ (ಲೇಖನದ ಶಾಶ್ವತ ಕೊಂಡಿ) ಒತ್ತಿ ಆ ಪುಟ ತೆರೆಯುತ್ತದಾ ನೋಡಿ. ತೆರೆದರೆ ಓದಿ. ಬೇರೆ ಕೆಲಸಕ್ಕೆ ಎಐ ಬಳಸಿದ್ದರೆ ನಿಮ್ಮ ವಿಭಾಗದ ನಿಯಮ ಕೇಳಿ, ಬಳಸಿದ್ದನ್ನು ಬರೆದೇ ಹೇಳಿ.

ನುಡಿಗುಡಿ · ಶನಿವಾರ

ಕನ್ನಡ ಪುಸ್ತಕಗಳನ್ನು ಉಲ್ಲೇಖಿಸುವವರ ಕಷ್ಟವನ್ನೂ ಸೇರಿಸುತ್ತೇನೆ. ಈ ಶೈಲಿಗಳೆಲ್ಲ ಕುಲನಾಮ ಮೊದಲು, ಹೆಸರಿನ ಮೊದಲಕ್ಷರ ಆಮೇಲೆ ಅನ್ನುತ್ತವೆ. ನಮ್ಮ ಎಷ್ಟೋ ಲೇಖಕರಿಗೆ ಕುಲನಾಮವೇ ಇಲ್ಲ. ಮುಂದಿರುವ ಅಕ್ಷರಗಳು ಊರಿನದ್ದು, ತಂದೆಯದ್ದು. ಸಾಫ್ಟ್‌ವೇರ್ ಅದನ್ನು ತಿರುಗಿಸಿ ಊರಿನ ಹೆಸರನ್ನು ಲೇಖಕ ಮಾಡಿಬಿಡುತ್ತದೆ. ಝೊಟೆರೊದಲ್ಲಿ ಹೆಸರಿನ ಎರಡು ಖಾನೆಯನ್ನು ಒಂದೇ ಖಾನೆ ಮಾಡುವ ಗುಂಡಿ ಇದೆ. ಅಂಥ ಹೆಸರುಗಳಿಗೆ ಅದನ್ನು ಬಳಸಿ, ಪುಸ್ತಕದ ಮೇಲೆ ಹೇಗಿದೆಯೋ ಹಾಗೆ ಹಾಕಿ.

ಥೀಸಿಸ್ ಇಂಗ್ಲಿಷ್‌ನಲ್ಲಿ ಇದ್ದರೆ ಎಪಿಎ ಪ್ರಕಾರ ಪುಸ್ತಕದ ಕನ್ನಡ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದ ಚೌಕ ಆವರಣದಲ್ಲಿ ಅದರ ಅರ್ಥ ಕೊಡಬೇಕು. ಲಿಪ್ಯಂತರಕ್ಕೆ ಒಂದೇ ಪದ್ಧತಿ ಹಿಡಿಯಿರಿ. ಒಂದು ಕಡೆ ದೀರ್ಘಕ್ಕೆ ಮೇಲ್ಗೆರೆ, ಇನ್ನೊಂದು ಕಡೆ ಎರಡು ಅಕ್ಷರ ಆದರೆ ಒಬ್ಬರೇ ಲೇಖಕರು ಪಟ್ಟಿಯಲ್ಲಿ ಇಬ್ಬರಾಗುತ್ತಾರೆ. ಥೀಸಿಸ್ ಕನ್ನಡದಲ್ಲೇ ಇದ್ದರೆ ಕನ್ನಡ ಮೂಲಗಳನ್ನು ಅಕಾರಾದಿಯಲ್ಲಿ ಮೊದಲು, ಇಂಗ್ಲಿಷ್ ಮೂಲಗಳನ್ನು ಬೇರೆ ಪಟ್ಟಿಯಾಗಿ ಕೊಡುವುದು ಓದುವವರಿಗೆ ಸುಲಭ. ಮರುಮುದ್ರಣಗಳಲ್ಲಿ ಮೊದಲ ಮುದ್ರಣದ ವರ್ಷವನ್ನೂ ಕೊಡಿ. ಇಲ್ಲದಿದ್ದರೆ ಅರವತ್ತು ವರ್ಷ ಹಿಂದೆ ಬರೆದ ಪುಸ್ತಕ ಹೋದ ವರ್ಷ ಬಂದ ಹಾಗೆ ಕಾಣುತ್ತದೆ, ಯಾರು ಯಾರಿಂದ ಕಲಿತರು ಅನ್ನುವ ಕ್ರಮವೇ ತಪ್ಪುತ್ತದೆ.

ಹಸಿರುಶಾಯಿ · ಭಾನುವಾರ

ಈ ಊರಿನ ಹೆಸರಿನ ತಪ್ಪು ನನ್ನ ಪಟ್ಟಿಯಲ್ಲಿ ಒಂಬತ್ತು ಕಡೆ ಇತ್ತು! ಇನ್ನೆರಡು ಸಣ್ಣ ಪ್ರಶ್ನೆ. ನಾನು 24 ಜನರ ಸಂದರ್ಶನ ಮಾಡಿದ್ದೇನೆ, ಅವರ ಮಾತಿಗೆ ರೆಫರೆನ್ಸ್ ಹೇಗೆ? ಮತ್ತೆ, ಎರಡು ವರ್ಷದ ಹಿಂದೆ ನೋಡಿದ ಕೆಲವು ವೆಬ್ ಪುಟಗಳು ಈಗ ತೆರೆಯುತ್ತಿಲ್ಲ.

ಪುಸ್ತಕದಕಪಾಟು · ಭಾನುವಾರ

ನಿಮ್ಮದೇ ಅಧ್ಯಯನದ ಭಾಗವಾಗಿ ಮಾತನಾಡಿಸಿದವರ ಮಾತು ನಿಮ್ಮ ದತ್ತಾಂಶ. ಎಪಿಎ ಪ್ರಕಾರ ಅದಕ್ಕೆ ಕೊನೆಯ ಪಟ್ಟಿಯಲ್ಲಿ ಜಾಗವಿಲ್ಲ. ಪಠ್ಯದಲ್ಲೇ "ಸಂದರ್ಶಿತೆ 7" ಎಂದೋ ಬದಲಿ ಹೆಸರೋ ಕೊಡಿ. ನಿಜವಾದ ಹೆಸರು ಬಾರದ ಹಾಗೆ ನೋಡಿಕೊಳ್ಳುವುದು ನೀವು ಅವರಿಗೆ ಕೊಟ್ಟ ಮಾತು.

ತೆರೆಯದ ಪುಟಗಳಿಗೆ, ಹಳೆ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್ ತಾಣದಲ್ಲಿ ಆ ವಿಳಾಸ ಹಾಕಿ ನೋಡಿ, ಹಳೆಯ ಪ್ರತಿ ಇರಬಹುದು. ಇದ್ದರೆ ಆ ಪ್ರತಿಯ ಕೊಂಡಿಯನ್ನೇ ಕೊಡಿ. ಇನ್ನು ಮುಂದೆ ಮುಖ್ಯವಾದ ಪುಟ ಸಿಕ್ಕಿದ ದಿನವೇ ಅಲ್ಲಿ ಉಳಿಸಿ. ಇದು ವಿದ್ಯಾರ್ಥಿಗಳ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಕೊಟ್ಟ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಹೋಗುತ್ತಿಲ್ಲ ಅಂತ ಸುಮಾರು ಹತ್ತು ವರ್ಷದ ಹಿಂದೆಯೇ ಹಾರ್ವರ್ಡ್ ಕಾನೂನು ಶಾಲೆಯ ಸಂಶೋಧಕರು ತೋರಿಸಿದ್ದರು.

ತಿದ್ದುವಕೈ · ಭಾನುವಾರ

ನಿಮ್ಮ ಎರಡನೇ ಅಧ್ಯಾಯ ಸಾಹಿತ್ಯ ಸಮೀಕ್ಷೆ ಅಂತ ಅಂದಾಜು ಮಾಡುತ್ತೇನೆ. ಹಾಗಿದ್ದರೆ ಒಂದು ಪರೀಕ್ಷೆ ಮಾಡಿ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಓದುತ್ತಾ ಹೋಗಿ. ಎಲ್ಲವೂ "ಇಂಥವರು ಇಂಥ ವರ್ಷದಲ್ಲಿ ಹೀಗೆ ಹೇಳಿದ್ದಾರೆ" ಅಂತಲೇ ಶುರುವಾಗುತ್ತಿದ್ದರೆ ಅದು ಸಮೀಕ್ಷೆ ಆಗಿಲ್ಲ, ನೋಟ್ಸ್ ಆಗಿಯೇ ಉಳಿದಿದೆ. ಮೊದಲ ವಾಕ್ಯ ನಿಮ್ಮದಾಗಲಿ. "ನೆರೆಹೊರೆಯ ಸಂಬಂಧವನ್ನು ಆದಾಯದಿಂದ ಅಳೆಯುವವರು ಒಂದು ಗುಂಪು, ಜಾಗದಿಂದ ಅಳೆಯುವವರು ಇನ್ನೊಂದು" ಅಂತ ನೀವು ಹೇಳಿ. ಆಮೇಲೆ ಆ ಗುಂಪಿನವರು ಸಾಕ್ಷಿಯಾಗಿ ಬರಲಿ. ಅವರು ಎಲ್ಲಿ ಒಪ್ಪುವುದಿಲ್ಲ, ನಿಮ್ಮ ಪ್ರಶ್ನೆ ಆ ಬಿರುಕಿನಲ್ಲಿ ಎಲ್ಲಿ ನಿಂತಿದೆ ಅಂತ ತೋರಿಸಿ. ಹೀಗೆ ಬರೆದಾಗ ಯಾರ ಮಾತು ಅನ್ನುವ ಗೊಂದಲ ಅರ್ಧ ತಾನಾಗಿ ಹೋಗುತ್ತದೆ.

ಹಸಿರುಶಾಯಿ · ಮೂರು ವಾರದ ನಂತರ

ಏನಾಯಿತು ಅಂತ ಹೇಳಬೇಕು ಅನಿಸಿತು.

ನಾಲ್ಕೂ ಅಧ್ಯಾಯಕ್ಕೆ ಬಣ್ಣ ಹಾಕಿದೆ. ಮೂರನೇ ಬಣ್ಣದ ವಾಕ್ಯ ಒಟ್ಟು 74. 58 ಸಿಕ್ಕವು, ಹತ್ತನ್ನು ಬೇರೆ ಮೂಲ ಓದಿ ಹೊಸದಾಗಿ ಬರೆದೆ, ಆರನ್ನು ಬಿಟ್ಟೆ. ಬಿಟ್ಟ ಆರರಲ್ಲಿ ಒಂದು ನನಗೆ ತುಂಬಾ ಇಷ್ಟವಾದ ವಾಕ್ಯ. ನನ್ನದೇ ಇರಬಹುದು. ಆದರೆ ಖಾತ್ರಿ ಇಲ್ಲ.

ಓದದೇ ಹಾಕಿದ್ದ 30ರಲ್ಲಿ 11ನ್ನು ತರಿಸಿ ಓದಿದೆ. ಅದರಲ್ಲಿ ಎರಡು ಪುಸ್ತಕ ನಾನು ಬರೆದದ್ದಕ್ಕೆ ಸರಿಯಾಗಿ ಉಲ್ಟಾ ಹೇಳುತ್ತಿದ್ದವು. ಒಂದರಿಂದ ಮೂರನೇ ಅಧ್ಯಾಯದ ವಾದವೇ ಸ್ವಲ್ಪ ಬದಲಾಯಿತು, ಗೈಡ್‌ಗೆ ಆ ಭಾಗ ಎಲ್ಲಕ್ಕಿಂತ ಹಿಡಿಸಿತು. ಪಟ್ಟಿ ಈಗ 121. ಎಲ್ಲವೂ ಝೊಟೆರೊದಲ್ಲಿ ಇವೆ. ಮುಂದಿನ ವಾರ ಪಿಡಿಎಫ್ ಮಾಡಿ ಸಲ್ಲಿಸುತ್ತೇನೆ. ಅದಕ್ಕೆ ಮೊದಲು ನೋಡಬೇಕಾದದ್ದು ಇನ್ನೇನಾದರೂ ಇದೆಯಾ?

ಪುಸ್ತಕದಕಪಾಟು · ಅದೇ ದಿನ

ಓದಿ ತುಂಬಾ ಸಂತೋಷವಾಯಿತು. ಎರಡು ಕೆಲಸ ಉಳಿದಿವೆ. ಮೊದಲು, ಸಾಫ್ಟ್‌ವೇರ್ ಇದ್ದರೂ ಒಮ್ಮೆ ಎರಡೂ ಕಡೆಯಿಂದ ತಾಳೆ ನೋಡಿ. ಪಠ್ಯದಲ್ಲಿರುವ ಪ್ರತಿ ಹೆಸರು ಪಟ್ಟಿಯಲ್ಲಿ ಇದೆಯಾ, ಪಟ್ಟಿಯ ಪ್ರತಿ ಹೆಸರು ಪಠ್ಯದಲ್ಲಿ ಬಂದಿದೆಯಾ. ಕೈಯಲ್ಲಿ ಟೈಪ್ ಮಾಡಿದ ಹಳೆಯ ಆವರಣಗಳು ಸಾಫ್ಟ್‌ವೇರ್‌ಗೆ ಕಾಣುವುದಿಲ್ಲ, ಅವೇ ತಪ್ಪಿಸಿಕೊಳ್ಳುವುದು. ಇಬ್ಬರು ಕೂತು ಒಬ್ಬರು ಓದಿ ಒಬ್ಬರು ಗುರುತು ಹಾಕಿದರೆ ಎರಡು ಗಂಟೆ. ಝೊಟೆರೊ ಯಾವುದಾದರೂ ಲೇಖನದ ಮೇಲೆ ಕೆಂಪು ಪಟ್ಟಿ ತೋರಿಸಿದರೆ ಅದನ್ನು ಪತ್ರಿಕೆ ಹಿಂಪಡೆದಿದೆ ಅಂತ ಅರ್ಥ, ಕಡೆಗಣಿಸಬೇಡಿ, ತೆರೆದು ಓದಿ.

ಎರಡನೆಯದು, ಫೈಲ್‌ನ ಒಂದು ಪ್ರತಿ ಮಾಡಿ ಬೇರೆ ಹೆಸರಿನಲ್ಲಿ ಉಳಿಸಿ. ಪಠ್ಯದ ಉಲ್ಲೇಖಗಳಿಗೂ ಝೊಟೆರೊಗೂ ಇರುವ ಕೊಂಡಿ ಕಳಚುವುದಿದ್ದರೆ ಆ ಪ್ರತಿಯಲ್ಲಿ ಮಾತ್ರ ಕಳಚಿ. ಮೂಲ ಫೈಲ್‌ನಲ್ಲಿ ಕಳಚಿದರೆ, ವೈವಾ ಆದಮೇಲೆ ತಿದ್ದುಪಡಿ ಬಂದಾಗ 121ನ್ನೂ ಕೈಯಲ್ಲೇ ಸರಿ ಮಾಡಬೇಕಾಗುತ್ತದೆ.